ಮೊದಲು ಎಲ್‌ಎಲ್, ಆಮೇಲೆ ಗಾಡಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಮೈಸೂರಿನ ಲಷ್ಕರ್ ಮೊಹಲ್ಲಾದ ಮನೆಗಳಲ್ಲಿ ಕಾಲೇಜಿನ ಮಾತಿನ ಬೆನ್ನಿಗೇ ಗಾಡಿಯ ಮಾತು ಶುರುವಾಗುತ್ತದೆ. ‘ಈಗಲೇ ಬೇಡ’ ಅನ್ನುವ ತಾಯಿ, ‘ಕೊಡಿಸೋಣ ಬಿಡು’ ಅನ್ನುವ ತಂದೆ, ‘ನಮ್ಮ ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ’ ಅನ್ನುವ ಮಗ ಅಥವಾ ಮಗಳು. ಬೆಲೆ, ಮೈಲೇಜು, ಬಣ್ಣ, ಕಂತು ಎಲ್ಲವೂ ಚರ್ಚೆಗೆ ಬರುತ್ತವೆ. ಲೈಸೆನ್ಸಿನ ಮಾತು ಬಂದಾಗ ಮಾತ್ರ ‘ಅದನ್ನು ಆಮೇಲೆ ಮಾಡಿಸಿದರಾಯಿತು’ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ.

ತೊಂದರೆಯ ಬೇರು ಇರುವುದು ಅಲ್ಲೇ. ನಮ್ಮಲ್ಲಿ ಕ್ರಮ ತಲೆಕೆಳಗಾಗಿದೆ. ಹುಡುಗ ಮೊದಲು ಮನೆಮುಂದಿನ ಗಲ್ಲಿಯಲ್ಲಿ ಅಪ್ಪನ ಸ್ಕೂಟರ್ ಓಡಿಸಿ ಕಲಿಯುತ್ತಾನೆ. ಆಮೇಲೆ ಹಾಲು ತರಲು, ಆಮೇಲೆ ಟ್ಯೂಷನ್ನಿಗೆ, ಆಮೇಲೆ ಕಾಲೇಜಿಗೆ. ಎಲ್ಲೋ ಒಂದು ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಾಕಿದ ಮೇಲೆ ಆರ್‌ಟಿಒ ಕಚೇರಿಯ ದಾರಿ ಕೇಳುತ್ತಾರೆ. ಕಾನೂನು ಹೇಳುವ ಕ್ರಮ ಬೇರೆ: ಮೊದಲು ಕಲಿಕಾ ಪರವಾನಗಿ, ಅದನ್ನು ಇಟ್ಟುಕೊಂಡು ಕಲಿಕೆ, ಕಲಿತದ್ದರ ಪರೀಕ್ಷೆ, ಕೊನೆಗೆ ಪೂರ್ಣ ಪರವಾನಗಿ. ಈ ಕ್ರಮಕ್ಕೆ ಹೆಚ್ಚು ಹಣ ಬೇಡ, ಏಜೆಂಟರ ಹಂಗೂ ಬೇಡ. ಆದರೂ ಪಾಲಿಸುವವರು ಕಡಿಮೆ. ಪಾಲಿಸದಿದ್ದರೆ ಏನು ಕಳೆದುಕೊಳ್ಳುತ್ತೇವೆ ಎಂಬುದು ಗೊತ್ತಿದ್ದವರು ಇನ್ನೂ ಕಡಿಮೆ.

ಮೈಸೂರಿಗೂ ಮೋಟಾರ್ ಸೈಕಲ್ಲಿಗೂ ಹಳೆಯ ನಂಟು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ದೇಶವೆಲ್ಲ ಓಡಾಡಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತಾದರೂ ಊರಿನ ಬೈಕ್ ಪ್ರೀತಿ ಆರಲಿಲ್ಲ. ಇಂಥ ಊರಿನ ಮಕ್ಕಳಿಗೆ ಗಾಡಿಯ ಆಸೆ ಇರುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆ ಆಸೆಗೆ ಸರಿಯಾದ ದಾರಿ ತೋರಿಸಬೇಕಾದದ್ದು ದೊಡ್ಡವರ ಕೆಲಸ.

ಹದಿನಾರೋ, ಹದಿನೆಂಟೋ?

ನಮ್ಮ ಬೀದಿಗಳಲ್ಲಿ ಬಲವಾಗಿ ಬೇರೂರಿರುವ ಒಂದು ನಂಬಿಕೆಯನ್ನು ಮೊದಲು ಕಿತ್ತುಹಾಕಬೇಕು. ‘ಗೇರ್ ಇಲ್ಲದ ಸ್ಕೂಟರಿಗೆ 16 ವರ್ಷ ಸಾಕು’ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಅದು ಅರ್ಧ ಸತ್ಯ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನ ಓಡಿಸಲು 18 ವರ್ಷ ತುಂಬಿರಬೇಕು. ಇದಕ್ಕೆ ಒಂದೇ ಒಂದು ವಿನಾಯಿತಿ: ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ಗಾಡಿಯನ್ನು 16 ತುಂಬಿದವರು, ತಂದೆತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆಯಿಂದ ಪರವಾನಗಿ ಪಡೆದು ಓಡಿಸಬಹುದು.

ಲೂನಾ, ಟಿವಿಎಸ್ 50 ಓಡಾಡುತ್ತಿದ್ದ ಕಾಲಕ್ಕೆ ಈ ವಿನಾಯಿತಿಗೆ ಅರ್ಥವಿತ್ತು. ಇಂದು ಷೋರೂಮಿನಲ್ಲಿ ಸಾಲಾಗಿ ನಿಂತಿರುವ ಸ್ಕೂಟರುಗಳು ಸಾಮಾನ್ಯವಾಗಿ 110 ಅಥವಾ 125 ಸಿಸಿಯವು. ಮೊಪೆಡ್ ಎಂದು ನಾವು ಕರೆಯುವ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ 100 ಸಿಸಿಯ ಆಸುಪಾಸಿನಲ್ಲಿದೆ. ಅಂದರೆ 16ರ ಲೈಸೆನ್ಸ್ ಕಾಗದದ ಮೇಲೆ ಉಳಿದಿದೆ, ಅದಕ್ಕೆ ತಕ್ಕ ಗಾಡಿ ಅಂಗಡಿಯಲ್ಲಿ ಉಳಿದಿಲ್ಲ. ಪಿಯುಸಿ ಓದುವ 16, 17ರ ಮಗನೋ ಮಗಳೋ 110 ಸಿಸಿ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದರೆ, ಗೇರ್ ಇಲ್ಲ ಎಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಎಲೆಕ್ಟ್ರಿಕ್ ಗಾಡಿಗಳ ಬಗ್ಗೆಯೂ ಇದೇ ಗೊಂದಲವಿದೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದ ಬ್ಯಾಟರಿ ದ್ವಿಚಕ್ರವನ್ನು ನಿಯಮಗಳು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಈ ಮಿತಿ ದಾಟಿದ ಯಾವುದೇ ಎಲೆಕ್ಟ್ರಿಕ್ ಸ್ಕೂಟರಿಗೆ ಪೆಟ್ರೋಲ್ ಗಾಡಿಯ ಹಾಗೆಯೇ ನಂಬರ್ ಪ್ಲೇಟ್, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲವೂ ಬೇಕು. ಮಾರುವವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ಗಾಡಿಯ ದಾಖಲೆಯಲ್ಲಿರುವ ವಾಟ್ ಮತ್ತು ವೇಗವನ್ನು ಓದಿ. ವೇಗ ಹೆಚ್ಚಿಸಿ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ಹಾಗೆ ಮಾಡಿಸಿದ ಕ್ಷಣವೇ ಆ ಗಾಡಿ ವಿನಾಯಿತಿಯಿಂದ ಆಚೆ ಬೀಳುತ್ತದೆ.

ಮಗ ಓಡಿಸಿದರೆ ಅಪ್ಪನ ಮೇಲೆ ಕೇಸು

2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 199ಎ ಎಂಬ ಹೊಸ ಸೆಕ್ಷನ್ ಸೇರಿತು. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಎಂದು ಅದು ಹೇಳುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ‘ನನಗೆ ಗೊತ್ತಿರಲಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಗೊತ್ತಿರಲಿಲ್ಲ ಅಥವಾ ತಡೆಯಲು ಪ್ರಯತ್ನಿಸಿದ್ದೆ ಎಂಬುದನ್ನು ಪೋಷಕರೇ ಸಾಬೀತುಪಡಿಸಬೇಕು. ಇದು ಪುಸ್ತಕದಲ್ಲಿ ಮಲಗಿರುವ ಕಾನೂನೂ ಅಲ್ಲ. ಶಿವಮೊಗ್ಗ ಸೇರಿದಂತೆ ರಾಜ್ಯದ ಹಲವು ಕಡೆ ನ್ಯಾಯಾಲಯಗಳು ಅಪ್ರಾಪ್ತರಿಗೆ ಗಾಡಿ ಕೊಟ್ಟ ಪೋಷಕರಿಗೆ, ಮಾಲೀಕರಿಗೆ ಇಪ್ಪತ್ತೈದು ಸಾವಿರ ದಂಡ ಹಾಕಿವೆ.

ದಂಡಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಹಾಗೆ ಅಪರಾಧವೆಸಗಿದ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಪಡೆಯುವ ಅರ್ಹತೆಯೇ ಇರುವುದಿಲ್ಲ. ಲಷ್ಕರ್ ಮೊಹಲ್ಲಾದಂಥ ಕಡೆ ಇದರ ಅರ್ಥವೇನೆಂದು ಯೋಚಿಸಿ. ಇಲ್ಲಿ ಅನೇಕ ಮನೆಗಳ ಹುಡುಗರು ಓದಿನ ಜೊತೆಗೇ ದುಡಿಯುತ್ತಾರೆ. ಊಟ, ದಿನಸಿ ತಲುಪಿಸುವ ಕೆಲಸಕ್ಕೆ, ಸೇಲ್ಸ್ ಕೆಲಸಕ್ಕೆ, ಕೊರಿಯರ್ ಕೆಲಸಕ್ಕೆ ಮೊದಲು ಕೇಳುವುದೇ ಡಿಎಲ್. ಹದಿನಾರರಲ್ಲಿ ಒಂದು ಸಂಜೆ ಓಡಿಸಿದ ಗಾಡಿ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಏಳು ವರ್ಷದ ಅನ್ನವನ್ನು ಕಿತ್ತುಕೊಳ್ಳಬಹುದು.

ಅಂಗಡಿ, ಗ್ಯಾರೇಜು ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ‘ಲೋ, ಈ ಪಾರ್ಸಲ್ ಬಸ್‌ಸ್ಟ್ಯಾಂಡಿಗೆ ಕೊಟ್ಟು ಬಾ’ ಎಂದು ಕೆಲಸದ ಹುಡುಗನ ಕೈಗೆ ಕೀ ಕೊಡುವ ಮಾಲೀಕರು, ಕಾನೂನಿನ ಕಣ್ಣಲ್ಲಿ ಗಾಡಿಯ ಜೊತೆಗೆ ಹೊಣೆಯನ್ನೂ ಹೊತ್ತವರು. ಲೈಸೆನ್ಸ್ ಇಲ್ಲದವರಿಗೆ, ಅವರ ವಯಸ್ಸು ಎಷ್ಟೇ ಇರಲಿ, ಗಾಡಿ ಕೊಡಕೂಡದು ಎಂದು 5ನೇ ಸೆಕ್ಷನ್ ಹೇಳುತ್ತದೆ. ಕೊಟ್ಟರೆ 180ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಅಪಘಾತವಾದಾಗ ಇನ್ಶೂರೆನ್ಸಿನ ಲೆಕ್ಕವೂ ಬುಡಮೇಲಾಗುತ್ತದೆ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ದಾರಿಯಲ್ಲಿ, ಪೆಟ್ಟು ತಿಂದವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಂದ ಆ ಹಣವನ್ನು ವಸೂಲಿ ಮಾಡಬಹುದು. ಲಕ್ಷಗಟ್ಟಲೆ ಪರಿಹಾರವನ್ನು ಯಾವ ಸಣ್ಣ ಅಂಗಡಿಯವರು, ಯಾವ ಸಂಬಳದವರು ಕಟ್ಟಿಯಾರು? ಮಾಲೀಕರೇ ಗಾಡಿ ಓಡಿಸಿ ಮೃತಪಟ್ಟರೆ ಕುಟುಂಬಕ್ಕೆ ಸಿಗಬೇಕಾದ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕೆಂಬ ಷರತ್ತಿದೆ.

ಎಲ್‌ಎಲ್ ಮಾಡಿಸುವುದು ಹೇಗೆ?

ಈಗ ದಾರಿಯ ವಿಷಯ. ಹದಿನೆಂಟು ತುಂಬಿದ ದಿನದಿಂದ ಕಲಿಕಾ ಪರವಾನಗಿಗೆ, ಅಂದರೆ ಎಲ್ಲರೂ ಎಲ್‌ಎಲ್ ಅಥವಾ ಎಲ್‌ಎಲ್‌ಆರ್ ಎನ್ನುವ ಕಾಗದಕ್ಕೆ, ಕೇಂದ್ರ ಸಾರಿಗೆ ಇಲಾಖೆಯ ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮೈಸೂರಿನಲ್ಲಿ ಎರಡು ಆರ್‌ಟಿಒ ಕಚೇರಿಗಳಿವೆ: ಕೆಎ-09 ಸಂಖ್ಯೆಯ ಪಶ್ಚಿಮ ಕಚೇರಿ, ಕೆಎ-55 ಸಂಖ್ಯೆಯ ಪೂರ್ವ ಕಚೇರಿ. 2019ರ ತಿದ್ದುಪಡಿಯ ನಂತರ ನಾವು ವಾಸಿಸುವ ರಾಜ್ಯದ ಯಾವುದೇ ಪರವಾನಗಿ ಕಚೇರಿಗೆ ಅರ್ಜಿ ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ.

ವಯಸ್ಸು ಮತ್ತು ವಿಳಾಸದ ದಾಖಲೆ, ಫೋಟೊ, ಸಹಿ, ಆರೋಗ್ಯದ ಬಗ್ಗೆ ನೀವೇ ತುಂಬುವ ಘೋಷಣೆ, ಇಷ್ಟು ಬೇಕು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಳ್ಳೆಯ ದಾಖಲೆ. ಆಧಾರ್ ಮೂಲಕ ಗುರುತು ದೃಢಪಡಿಸಿದವರಿಗೆ ಮನೆಯಿಂದಲೇ ಪರೀಕ್ಷೆ ಬರೆಯುವ ವ್ಯವಸ್ಥೆಯೂ ಇದೆ. ಅದು ಬೇಡವೆಂದರೆ ಕಚೇರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಬರೆಯಬಹುದು. ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ರಸ್ತೆ ಚಿಹ್ನೆ, ಸಿಗ್ನಲ್, ಅಪಘಾತವಾದಾಗ ಚಾಲಕರ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವ ಎಚ್ಚರ, ಜೊತೆಗಿರಬೇಕಾದ ದಾಖಲೆಗಳು, ಇವೇ ಪಠ್ಯ. ನಿಯಮದ ಪ್ರಕಾರ ಶೇ 60ರಷ್ಟು ಸರಿ ಉತ್ತರ ಬೇಕು. ಪಿಯುಸಿ ಪರೀಕ್ಷೆಗೆ ವರ್ಷವಿಡೀ ಓದಿದವರಿಗೆ ಇದಕ್ಕೆ ಎರಡು ಸಂಜೆ ಸಾಕು. ದಯವಿಟ್ಟು ಬೇರೆಯವರ ಕೈಯಲ್ಲಿ ಈ ಪರೀಕ್ಷೆ ಬರೆಸಬೇಡಿ. ಒಮ್ಮುಖ ಸಂಚಾರದ ಫಲಕ ಯಾವುದು, ಪ್ರವೇಶ ನಿಷೇಧದ ಫಲಕ ಯಾವುದು ಎಂದು ಗೊತ್ತಿಲ್ಲದವರು ರಸ್ತೆಗಿಳಿದರೆ ಅದರ ಬೆಲೆ ತೆರುವವರು ಎದುರಿನಿಂದ ಬರುವವರು.

ಶುಲ್ಕವೂ ಕೈಗೆಟಕುವಷ್ಟೇ. ಕೇಂದ್ರ ನಿಯಮದಲ್ಲಿ ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸ್ ನೀಡಿಕೆಗೆ 200 ರೂಪಾಯಿ. ಒಟ್ಟು 700. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗೆ ನೀವು ಕೊಡುವುದು ಸರ್ಕಾರದ ಶುಲ್ಕವನ್ನಲ್ಲ ಎಂಬುದು ನೆನಪಿರಲಿ.

ಅರ್ಜಿ ತುಂಬುವಾಗ ವಾಹನದ ವರ್ಗವನ್ನು ನೋಡಿ ಗುರುತಿಸಿ. ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಪಡೆದವರು ಗೇರ್ ಬೈಕ್ ಓಡಿಸುವಂತಿಲ್ಲ. ಗೇರ್ ಗಾಡಿಯ ಲೈಸೆನ್ಸ್ ಪಡೆದವರು ಸ್ಕೂಟರನ್ನೂ ಓಡಿಸಬಹುದು.

ಆರು ತಿಂಗಳು ಇರುವುದು ಕಲಿಯಲಿಕ್ಕೆ

ಎಲ್‌ಎಲ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಕೈಗೆ ಬಂದು 30 ದಿನವಾಗುವ ಮೊದಲು ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ನಮ್ಮಲ್ಲಿ ಬಹುತೇಕರು ಈ ಮೂವತ್ತು ದಿನವನ್ನು ಸುಮ್ಮನೆ ಕಾಯುವ ಅವಧಿ ಎಂದುಕೊಂಡಿದ್ದಾರೆ. ನಿಜದಲ್ಲಿ ಇಡೀ ವ್ಯವಸ್ಥೆಯ ಜೀವ ಇರುವುದು ಆ ಅವಧಿಯಲ್ಲೇ.

ಬ್ರಿಟನ್ನಿನಲ್ಲಿ ಹದಿನಾರಕ್ಕೆ 50 ಸಿಸಿ ಮೊಪೆಡ್, ಹದಿನೇಳಕ್ಕೆ 125 ಸಿಸಿ, ಹತ್ತೊಂಬತ್ತಕ್ಕೆ ಇನ್ನೂ ಶಕ್ತಿಯ ಬೈಕ್, ಯಾವ ಮಿತಿಯೂ ಇಲ್ಲದ ದೊಡ್ಡ ಬೈಕಿಗೆ ನೇರವಾಗಿ ಹೋಗಬೇಕೆಂದರೆ ಇಪ್ಪತ್ನಾಲ್ಕು, ಹೀಗೆ ಮೆಟ್ಟಿಲುಗಳಿವೆ. ರಸ್ತೆಗಿಳಿಯುವ ಮೊದಲು ಕಡ್ಡಾಯ ತರಬೇತಿಯೂ ಇದೆ. ನಮ್ಮಲ್ಲಿ ಮೆಟ್ಟಿಲುಗಳಿಲ್ಲ. ಗೇರ್ ಗಾಡಿಯ ಲೈಸೆನ್ಸ್ ಸಿಕ್ಕ ಹದಿನೆಂಟರ ಹುಡುಗ ಮಾರನೆಯ ದಿನವೇ 400 ಸಿಸಿ ಬೈಕ್ ಓಡಿಸಿದರೂ ಕಾನೂನು ತಡೆಯುವುದಿಲ್ಲ. ಅದೂ ಸಾಲದೆಂಬಂತೆ, ಮೂವತ್ತು ತುಂಬದವರಿಗೆ ಕೊಡುವ ಲೈಸೆನ್ಸ್ ಅವರಿಗೆ ನಲವತ್ತು ತುಂಬುವವರೆಗೆ ನಡೆಯುತ್ತದೆ. ಹದಿನೆಂಟರಲ್ಲಿ ಒಮ್ಮೆ ಪಾಸಾದರೆ ಮುಂದಿನ ಇಪ್ಪತ್ತೆರಡು ವರ್ಷ ಅವಧಿ ಮುಗಿಯಿತೆಂದು ಕಚೇರಿಗೆ ಹೋಗುವ ಪ್ರಸಂಗವೇ ಇಲ್ಲ. ಆದ್ದರಿಂದ ಎಲ್‌ಎಲ್ ಅವಧಿಯಲ್ಲಿ ಕಲಿತದ್ದೇ ಕಲಿತದ್ದು. ಕಾನೂನು ಕಟ್ಟದ ಮೆಟ್ಟಿಲುಗಳನ್ನು ಮನೆಯವರೇ ಕಟ್ಟಬೇಕು.

ಎಲ್‌ಎಲ್ ಇದ್ದವರು ಒಬ್ಬರೇ ಗಾಡಿ ಓಡಿಸುವಂತಿಲ್ಲ ಎಂಬುದು ಎಷ್ಟೋ ಮಂದಿಗೆ ಹೊಸ ಸುದ್ದಿ. ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದ ಪ್ರಕಾರ ಆ ಗಾಡಿಗೆ ಲೈಸೆನ್ಸ್ ಇರುವ, ಕಲಿಸಿಕೊಡುವ ಒಬ್ಬರು ಜೊತೆಗಿರಬೇಕು. ಅವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಕೂಡದು. ಮುಂದೆ ಮತ್ತು ಹಿಂದೆ 18 ಸೆಂ.ಮೀ. ಚೌಕದ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಕಾಣಬೇಕು. ಎಲ್ ಬೋರ್ಡ್ ಹಾಕಿಕೊಳ್ಳಲು ನಾಚಿಕೆಪಡುವ ಮಕ್ಕಳಿಗೆ ಹೇಳಿ: ಆ ಬೋರ್ಡ್ ನೋಡಿದ ಬಸ್ಸಿನ ಡ್ರೈವರ್ ನಿಮಗೆ ಒಂದಡಿ ಜಾಗ ಹೆಚ್ಚು ಬಿಡುತ್ತಾರೆ.

ಕಲಿಕೆಯನ್ನು ಲಷ್ಕರ್ ಮೊಹಲ್ಲಾದ ಗಲ್ಲಿಗಳಲ್ಲಿ ಶುರು ಮಾಡಬೇಡಿ. ಅಲ್ಲಿ ಮಕ್ಕಳು ಆಡುತ್ತಾರೆ, ಗೂಡ್ಸ್ ಆಟೊಗಳು ಅರ್ಧ ರಸ್ತೆ ಹಿಡಿದು ನಿಂತಿರುತ್ತವೆ, ಅಂಗಡಿಯಿಂದ ಜನ ದಿಢೀರನೆ ರಸ್ತೆಗಿಳಿಯುತ್ತಾರೆ. ಸಬರ್ಬನ್ ಬಸ್ ನಿಲ್ದಾಣದ ಸುತ್ತಮುತ್ತ, ಇರ್ವಿನ್ ರಸ್ತೆ, ಅಶೋಕ ರಸ್ತೆಗಳಲ್ಲಂತೂ ಅನುಭವಿಗಳೇ ಮೈಯೆಲ್ಲ ಕಣ್ಣಾಗಿ ಓಡಿಸಬೇಕು. ಭಾನುವಾರ ಬೆಳಗ್ಗೆ ಊರಾಚೆಯ ಅಗಲವಾದ, ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ. ಮೊದಲ ವಾರ ಹೊರಡುವುದು, ನಿಲ್ಲಿಸುವುದು ಇಷ್ಟೇ. ಎರಡನೆಯ ವಾರ ತಿರುವು, ಕನ್ನಡಿ, ಇಂಡಿಕೇಟರ್. ಆಮೇಲೆ ಕಡಿಮೆ ಸಂಚಾರದ ಬಡಾವಣೆಯ ರಸ್ತೆ. ಅಶೋಕ ರಸ್ತೆಯಲ್ಲಿ ಫಿಲೋಮಿನಾ ಚರ್ಚಿನ ಕಡೆಗೆ ಸಂಜೆ ಹೊತ್ತಿನಲ್ಲಿ ಓಡಿಸುವುದು ಕೊನೆಯ ಪಾಠವಾಗಲಿ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಬ್ರೇಕ್. ನಮ್ಮ ಹುಡುಗರು ಆಕ್ಸಿಲರೇಟರ್ ತಿರುಗಿಸುವುದನ್ನು ಒಂದು ನಿಮಿಷದಲ್ಲಿ ಕಲಿಯುತ್ತಾರೆ, ಬ್ರೇಕ್ ಹಿಡಿಯುವುದನ್ನು ವರ್ಷವಾದರೂ ಕಲಿತಿರುವುದಿಲ್ಲ. ‘ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ’ ಎಂದು ಯಾರೋ ಹೆದರಿಸಿದ್ದನ್ನೇ ನಂಬಿ ಹಿಂದಿನ ಬ್ರೇಕನ್ನೇ ತುಳಿಯುತ್ತಾರೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿಗೇ ಇದೆ. ಹ್ಯಾಂಡಲ್ ನೇರವಾಗಿಟ್ಟು, ಎರಡೂ ಬ್ರೇಕನ್ನು ಒಟ್ಟಿಗೆ, ಹಂತಹಂತವಾಗಿ ಬಿಗಿ ಮಾಡುತ್ತ ಹಿಡಿಯುವುದನ್ನು ಅಭ್ಯಾಸ ಮಾಡಿಸಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, 60ರಲ್ಲಿ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಇದನ್ನು ಖಾಲಿ ರಸ್ತೆಯಲ್ಲಿ ಹೆಜ್ಜೆ ಅಳೆದು ತೋರಿಸಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಎಂಟು ಹಾಕುವ ದಿನ

ಚಾಲನಾ ಪರೀಕ್ಷೆ ಎಂದರೆ ನಮ್ಮವರಿಗೆ ‘ಎಂಟು ಹಾಕುವುದು’. ನಿಧಾನ ವೇಗದಲ್ಲಿ, ಕಾಲು ನೆಲಕ್ಕೆ ಊರದೆ, ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವುದು ಕಾಣುವಷ್ಟು ಸುಲಭವಲ್ಲ. ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಗಾಡಿ ವಾಲುತ್ತದೆ. ತಿರುಗಬೇಕಾದ ಕಡೆಗೆ ತಲೆಯೆತ್ತಿ ನೋಡಿ, ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿದರೆ ಗಾಡಿ ಮಾತು ಕೇಳುತ್ತದೆ. ಇದರ ಜೊತೆಗೆ ಕೈಸನ್ನೆ, ಬಲಕ್ಕೆ ಎಡಕ್ಕೆ ತಿರುಗುವುದು, ತುರ್ತಾಗಿ ನಿಲ್ಲಿಸುವುದು, ಹೊರಡುವ ಮೊದಲು ಹಿಂದೆ ನೋಡುವುದು ಇವೆಲ್ಲವೂ ನಿಯಮದಲ್ಲಿ ಹೇಳಿದ ಪರೀಕ್ಷೆಯ ಭಾಗ. ಫೇಲಾದರೆ ಏಳು ದಿನದ ನಂತರ ಮತ್ತೆ ಹೋಗಬಹುದು. ಮೂರು ಸಲ ಫೇಲಾದವರು 60 ದಿನ ಕಾಯಬೇಕು. ಫೇಲಾಗುವುದು ಅವಮಾನವಲ್ಲ, ಕಲಿಯಲು ಇನ್ನೂ ಇದೆ ಎಂಬ ಪ್ರಾಮಾಣಿಕ ತೀರ್ಪು ಅದು.

ಹೆಲ್ಮೆಟ್ ತಲೆಗೆ ಬೇಕು

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5 ಮಂದಿ ದ್ವಿಚಕ್ರದ ಮೇಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕವಿದು. ಓಡಿಸುವವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ. ಆ ಐನೂರು ತಪ್ಪಿಸಿಕೊಳ್ಳಲೆಂದೇ ತಲೆಯ ಮೇಲೊಂದು ಹಾಫ್ ಹೆಲ್ಮೆಟ್ ಇಟ್ಟುಕೊಂಡರೆ ದವಡೆ, ಕಿವಿ, ಹಿಂದಲೆಗೆ ಯಾವ ರಕ್ಷಣೆಯೂ ಇರುವುದಿಲ್ಲ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಗುರುತು ನೋಡಿ ಕೊಳ್ಳಿ, ತಲೆಗೆ ಬಿಗಿಯಾಗಿ ಕೂರುವ ಅಳತೆಯದನ್ನು ಕೊಳ್ಳಿ, ಪಟ್ಟಿ ಕಟ್ಟಿ. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದ ತಕ್ಷಣ ತಲೆಯನ್ನು ಬಿಟ್ಟು ಹಾರುತ್ತದೆ.

ಗಾಡಿಯ ಜೊತೆ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಇರಬೇಕು. ಗಾಡಿಗೆ ಒಂದು ವರ್ಷ ತುಂಬಿದ ಮೇಲೆ ಎಮಿಷನ್ ಸರ್ಟಿಫಿಕೇಟೂ ಬೇಕು. ಡಿಜಿಲಾಕರ್‌ನಲ್ಲಿರುವ ದಾಖಲೆಯೂ ನಡೆಯುತ್ತದೆ. ತ್ರಿಬಲ್ ರೈಡಿಂಗ್ ಮಾಡಿ ಸಿಕ್ಕಿಬಿದ್ದರೆ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತಿಗೂ ಕಾಯ್ದೆಯಲ್ಲಿ ಅವಕಾಶವಿದೆ.

ಹದಿನೆಂಟಕ್ಕೆ ಇನ್ನೂ ಒಂದೆರಡು ವರ್ಷ ಬಾಕಿ ಇರುವವರಿಗೆ ಸಿಟಿ ಬಸ್ಸಿನ ಪಾಸಿದೆ, ಸೈಕಲ್ಲಿದೆ. 2017ರಲ್ಲಿ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಯೋಜನೆ ಶುರು ಮಾಡಿ ದೇಶಕ್ಕೆ ದಾರಿ ತೋರಿಸಿದ ಊರು ನಮ್ಮದು. ರಸ್ತೆಯಲ್ಲಿ ಎಡಕ್ಕೆ ಇರುವುದು, ಹಿಂದೆ ನೋಡಿ ತಿರುಗುವುದು, ಎದುರಿನವರ ಮನಸ್ಸನ್ನು ಊಹಿಸುವುದು ಎಲ್ಲವನ್ನೂ ಸೈಕಲ್ಲೇ ಕಲಿಸುತ್ತದೆ. ಸೈಕಲ್ಲಿನಲ್ಲಿ ರಸ್ತೆ ಕಲಿತವರು ಬೈಕಿನಲ್ಲಿ ಬೇಗ ಪಳಗುತ್ತಾರೆ.

ಲಷ್ಕರ್ ಮೊಹಲ್ಲಾದ ತಂದೆತಾಯಿಗಳಲ್ಲಿ, ಅಂಗಡಿ ಮಾಲೀಕರಲ್ಲಿ, ಗ್ಯಾರೇಜಿನ ಮೇಸ್ತ್ರಿಗಳಲ್ಲಿ ಒಂದೇ ಮನವಿ. ಗಾಡಿಯ ಕೀ ಕೊಡುವ ಮೊದಲು ಲೈಸೆನ್ಸ್ ತೋರಿಸು ಎಂದು ಕೇಳಿ. ಹದಿನೆಂಟು ತುಂಬಿದ ಮಕ್ಕಳಿಗೆ ಮೊದಲು ಎಲ್‌ಎಲ್ ಮಾಡಿಸಿ, ಒಳ್ಳೆಯ ಹೆಲ್ಮೆಟ್ ಕೊಡಿಸಿ, ಕೆಲವು ಭಾನುವಾರ ಅವರ ಹಿಂದೆ ನೀವೇ ಕೂತು ಕಲಿಸಿ. ಡಿಎಲ್ ಕೈಗೆ ಬಂದ ಮೇಲೆ ಗಾಡಿ ಕೊಡಿಸಿ. ಹದಿನೆಂಟು ತುಂಬದ ಮಕ್ಕಳಿಗೆ ಎಷ್ಟೇ ಅತ್ತರೂ, ಎಷ್ಟೇ ಮುನಿಸಿಕೊಂಡರೂ, ಕೀ ಕೊಡಬೇಡಿ.